ವಾಲಿಯ ಊರಿನಿಂದ ಹೊರಟ ಅವ್ವ

ನನಗೆ ಆಗ ಒಂಬತ್ತೋ ಹತ್ತೋ ವರ್ಷ. ಆನೆಗುಂದಿ ಹತ್ತಿರದ ನಮ್ಮ ಗದ್ದೆಯಲ್ಲಿ ಅವ್ವ ನಾಟಿ ಮಾಡುತ್ತಿದ್ದಳು. ಸೀರೆ ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದಳು. ಮುಖಕ್ಕೆಲ್ಲ ಕೆಸರು ಸಿಡಿದಿತ್ತು. ರಸ್ತೆಯಲ್ಲಿ ಒಂದು ವ್ಯಾನ್ ನಿಂತಿತು. ಐದಾರು ಜನ ವಿದೇಶಿಯರು ಇಳಿದು ಬದುವಿನ ಮೇಲೆ ಸಾಲಾಗಿ ನಿಂತು ಫೋಟೋ ತೆಗೆಯತೊಡಗಿದರು. ಅವ್ವ ಮುಖ ತಿರುಗಿಸಿದಳು. ಅವರು ಸುತ್ತು ಹಾಕಿ ಆ ಕಡೆಗೂ ಬಂದರು. ಐದೇ ನಿಮಿಷ. ಮತ್ತೆ ವ್ಯಾನ್ ಹತ್ತಿ ಹೋದರು. ಒಂದು ಮಾತೂ ಆಡಲಿಲ್ಲ.

ಆ ಸಂಜೆ ಅವ್ವ ಅಪ್ಪನಿಗೆ ಹೇಳಿದ್ದು ನನಗೆ ಇನ್ನೂ ನೆನಪಿದೆ. "ಒಂದು ಮಾತು ಕೇಳಿದ್ರ ತಲೀನರ ಬಾಚ್ಕೊಂಡು ನಿಲ್ತಿದ್ದೆ."

ಅದೇ ವರ್ಷವೋ ಮುಂದಿನ ವರ್ಷವೋ ಇನ್ನೊಂದು ಕುಟುಂಬ ಬಂತು. ಗಂಡ, ಹೆಂಡತಿ, ಬೆನ್ನಿನ ಜೋಳಿಗೆಯಲ್ಲಿ ಒಂದು ಕೂಸು. ಆ ಹೆಂಗಸು ಚಪ್ಪಲಿ ಬಿಚ್ಚಿ ಬದುವಿನ ಮೇಲಿಟ್ಟಳು. "ಬರಲಾ?" ಅಂತ ಕೈಯಲ್ಲೇ ಕೇಳಿದಳು. ಅವ್ವ ನಕ್ಕಳು. ಅವಳು ಕೆಸರಿಗಿಳಿದು ಒಂದು ಸಾಲು ಸಸಿ ನೆಟ್ಟಳು. ಸೊಟ್ಟ ಸಾಲು. ಅವ್ವ ಅದನ್ನು ಕಿತ್ತು ಸರಿ ಮಾಡಲಿಲ್ಲ. ಮಧ್ಯಾಹ್ನ ಎಲ್ಲರೂ ಬೇವಿನ ಮರದ ಕೆಳಗೆ ರೊಟ್ಟಿ, ಪುಂಡಿಪಲ್ಯ ತಿಂದೆವು. ಅವಳ ಹೆಸರು ನಮಗೆ ಗೊತ್ತಿಲ್ಲ, ದೇಶವೂ ಗೊತ್ತಿಲ್ಲ. ಮೂವತ್ತು ವರ್ಷ ದಾಟಿದರೂ ಅವ್ವ ಇವತ್ತಿಗೂ ಕೇಳುತ್ತಾಳೆ, "ಆ ಕೂಸು ಈಗ ಎಷ್ಟು ದೊಡ್ಡದಾಗಿರಬೇಕಲ್ಲ?"

ನಾವು ನೋಡಿಸಿಕೊಂಡು ಬೆಳೆದವರು. ಹೊಳೆಯ ಆಚೆ ದಡದ ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪ್ರಪಂಚ ಹರಿಗೋಲಿನಲ್ಲಿ ತುಂಗಭದ್ರೆ ದಾಟಿ ನಮ್ಮ ಕಡೆಗೂ ಬರುತ್ತಿತ್ತು. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ ಬುಟ್ಟಿಯಂಥ ದುಂಡನೆಯ, ಚರ್ಮ ಹೊದಿಸಿದ ಈ ದೋಣಿಗಳ ಬಗ್ಗೆ ಬರೆದಿಟ್ಟಿದ್ದಾನೆ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಬಂದಿದೆ, ಅಷ್ಟೇ. ಬೆನ್ನಿಗೆ ಹಾಸಿಗೆಯಂಥದ್ದು ಕಟ್ಟಿಕೊಂಡು ಬಂಡೆ ಹತ್ತಲು ಬರುವ ಹುಡುಗ ಹುಡುಗಿಯರು, ಮೂರು ವರ್ಷದ ಮಗುವನ್ನು ಬರಿಗಾಲಲ್ಲಿ ಓಡಾಡಿಸುವ ತಾಯಂದಿರು, ಸುಮ್ನೆ ಹೊಳೆ ನೋಡುತ್ತಾ ಕೂರುವ ಮುದುಕರು. ನಾವು ಅವರ ಹಿಂದೆ ಪೆನ್ನು ಕೇಳುತ್ತಾ ಓಡುತ್ತಿದ್ದೆವು. ಮಕ್ಕಳನ್ನು, ಮುದುಕರನ್ನು ಕರೆದುಕೊಂಡು ಪ್ರಪಂಚ ಸುತ್ತಬಹುದು ಅನ್ನೋದನ್ನು ನಾನು ಕಲಿತಿದ್ದು ಅವರಿಂದಲೇ.

ಈಗ ನಾನು ಗಂಗಾವತಿಯಲ್ಲಿ ಶಿಕ್ಷಕಿ. ಮಗಳಿಗೆ ಹದಿನೇಳು, ಮಗನಿಗೆ ಹನ್ನೊಂದು. ಅಪ್ಪ ತೀರಿಕೊಂಡ ಮೇಲೆ ಅವ್ವ ನಮ್ಮ ಜೊತೆಗಿದ್ದಾಳೆ. ದೂರದ ಊರಿಗೆ ಹೋಗಬೇಕು ಅಂತ ದುಡ್ಡು ಕೂಡಿಡಲು ಶುರು ಮಾಡಿದ ಮೇಲೆ, ಮೊದಲು ಹತ್ತಿರದ ಊರುಗಳಿಗೆ ಹೋಗಿ ಅಭ್ಯಾಸ ಮಾಡಿದೆವು. ಇಟಗಿಯ ಮಹಾದೇವ ದೇವಾಲಯ ನೋಡಿದೆವು. 1112ರಲ್ಲಿ ಕಟ್ಟಿದ್ದು, ಶಾಸನದಲ್ಲೇ ಅದಕ್ಕೆ ದೇವಾಲಯ ಚಕ್ರವರ್ತಿ ಅನ್ನುವ ಹೆಸರಿದೆ. ಮಸ್ಕಿಗೆ ಹೋದೆವು. ಅಶೋಕ ಅನ್ನುವ ಹೆಸರೇ ಇರುವ ಶಾಸನ 1915ರಲ್ಲಿ ಅಲ್ಲಿ ಸಿಕ್ಕಿತ್ತು. ಬೇರೆ ಶಾಸನಗಳಲ್ಲಿ ಬರೀ ದೇವಾನಾಂಪ್ರಿಯ ಎಂದಿದ್ದ ರಾಜ ಯಾರು ಅನ್ನೋದು ಖಚಿತವಾದದ್ದು ಅದರಿಂದ.

ಮಕ್ಕಳಿಗೆ ಜಾಸ್ತಿ ಹಿಡಿಸಿದ್ದು ಹಿರೇಬೆಣಕಲ್. ಗಂಗಾವತಿಯಿಂದ ಹತ್ತಿರವೇ. ಗುಡ್ಡ ಹತ್ತಿದರೆ ನೂರಾರು ಕಲ್ಲಿನ ಗೋರಿಗಳು. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಮನೆಯಂಥವು. ಕೆಲವಕ್ಕೆ ದುಂಡನೆಯ ಕಿಂಡಿಯೂ ಇದೆ. ಎರಡು ಸಾವಿರ ವರ್ಷಕ್ಕಿಂತ ಹಳೆಯವು. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಜನ ಮಾತ್ರ ಇದನ್ನು ಮೋರ್ಯರ ಗುಡ್ಡ ಅನ್ನುತ್ತಾರೆ. ಅಲ್ಲಿದ್ದವರು ಕುಳ್ಳರಾಗಿದ್ದರಂತೆ, ಅದಕ್ಕೇ ಅಷ್ಟು ಸಣ್ಣ ಮನೆಗಳಂತೆ. ಮಗ ಒಂದು ಕಿಂಡಿಯೊಳಗೆ ತಲೆ ಹಾಕಲು ಹೋದ. ಗುಡ್ಡದ ಬುಡದಲ್ಲೇ ಕೂತಿದ್ದ ಅವ್ವ, ನಾವು ಇಳಿದು ಬಂದ ಮೇಲೆ ವಿಷಯ ತಿಳಿದು ಗದರಿದಳು. "ಅವರ ಮನೀಗೆ ಹೇಳದೆ ಕೇಳದೆ ಹೋಗ್ತಿಯೇನಲೇ?"

2025ರ ಜನವರಿಯಲ್ಲಿ ಕೊಪ್ಪಳದ ಗವಿಮಠದ ತೇರು ಎಳೆದಾದ ಮೇಲೆ ನಾವು ಐದು ಜನ ಕಾಂಬೋಡಿಯಾಕ್ಕೆ ಹೊರಟೆವು. ಜಾತ್ರೆ ಮುಗಿಯದೆ ಬರೋದಿಲ್ಲ ಅನ್ನೋದು ಅವ್ವನ ಷರತ್ತು. ಊರು ಆರಿಸಿದ್ದು ಮಗಳು. ಅಂಕೋರ್ ವಾಟ್ ಅನ್ನು ವಿಷ್ಣುವಿಗಾಗಿ ಕಟ್ಟಿದ್ದು ಅಂತ ತಿಳಿದ ಮೇಲೆ ಅವ್ವನೂ ಒಪ್ಪಿದಳು. ನೆಂಟರೆಲ್ಲ "ವಯಸ್ಸಾದವರನ್ನು ಯಾಕೆ ಅಷ್ಟು ದೂರ" ಅಂದರು. ನನಗೆ ಆ ಮಾತು ಹಿಡಿಸಲಿಲ್ಲ. ನಮ್ಮ ಕಡೆ ಮುದುಕರೆಂದರೆ ಕಾಶಿ, ತಿರುಪತಿ, ಶ್ರೀಶೈಲ. ಹುಡುಗರೆಂದರೆ ಗೋವಾ. ಇಬ್ಬರೂ ಒಂದೇ ದಾರಿಯಲ್ಲಿ ನಡೆಯೋದೇ ಇಲ್ಲ. ಹದಿನೇಳರ ಹುಡುಗಿ ಅಜ್ಜಿಯ ಕೈ ಹಿಡಿದು ಹೊಸ ಊರಿನ ರಸ್ತೆ ದಾಟಬೇಕು ಅನ್ನೋ ಆಸೆ ನನಗಿತ್ತು.

ಡಬ್ಬಿ ತುಂಬ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ತುಂಬಿಕೊಂಡೆವು. ಹಂಪಿ ಎಕ್ಸ್‌ಪ್ರೆಸ್ ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ಬ್ಯಾಂಕಾಕ್, ಅಲ್ಲಿಂದ ಅಂಕೋರ್ ಪಕ್ಕದ ಊರಾದ ಸಿಯೆಮ್ ರೀಪ್.

ದಿನಕ್ಕೆ ಏಳು ಜಾಗ ತೋರಿಸುವ ಪ್ಯಾಕೇಜ್ ನಮಗೆ ಬೇಡವಾಗಿತ್ತು. ಅವ್ವನ ಮೊಣಕಾಲು ಎಷ್ಟು ಒಪ್ಪುತ್ತೋ ಅಷ್ಟು. ಬೆಳಗ್ಗೆ ಬೇಗ ಹೊರಟು ಒಂದೇ ಜಾಗ ನೋಡಿ, ಬಿಸಿಲೇರುವ ಮೊದಲು ವಾಪಸ್. ಅಂಕೋರ್ ಟಿಕೆಟ್ ಅಗ್ಗವೇನಲ್ಲ. ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62. ಆದರೆ ಮೂರು ದಿನದ ಟಿಕೆಟನ್ನು ಹತ್ತು ದಿನದೊಳಗೆ ಯಾವಾಗ ಬೇಕಾದರೂ ಬಳಸಬಹುದು. ಹನ್ನೆರಡು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಪಾಸ್‌ಪೋರ್ಟ್ ತೋರಿಸಿದರೆ ಸಾಕು.

ಅಂಕೋರ್ ವಾಟ್ ಬಗ್ಗೆ ಜಾಸ್ತಿ ಹೇಳಲ್ಲ. ಎರಡನೇ ಸೂರ್ಯವರ್ಮ 12ನೇ ಶತಮಾನದಲ್ಲಿ ಕಟ್ಟಿಸಿದ್ದು. ಮುಂದೆ ಬೌದ್ಧರ ಜಾಗವಾಯಿತು, ಇವತ್ತಿಗೂ ಪೂಜೆ ನಡೆಯುತ್ತದೆ. ಸಮುದ್ರ ಮಥನದ ಕೆತ್ತನೆ ಸುಮಾರು 50 ಮೀಟರ್ ಉದ್ದ ಇದೆ. ಅವ್ವ ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ಮತ್ತೆ ಹಿಂದಕ್ಕೆ ಬಂದು, "ಹಾವಿನ ತಲಿ ಕಡೆ ಯಾರದಾರ, ಬಾಲದ ಕಡೆ ಯಾರದಾರ" ಅಂತ ಮಗನಿಗೆ ತೋರಿಸಿದಳು. ನಮ್ಮಲ್ಲಿ ಇದನ್ನೆಲ್ಲ ಬಾಯಿಯಿಂದ ಬಾಯಿಗೆ ಕೇಳಿ ಬೆಳೆದ ಕೊನೆಯ ತಲೆಮಾರು ಅವಳದೇ ಇರಬೇಕು. ನನಗೇ ಅರ್ಧ ಗೊತ್ತಿಲ್ಲ.

ಮೇಲಿನ ಅಂತಸ್ತಿಗೆ ಕಡಿದಾದ ಮೆಟ್ಟಿಲು. ಹನ್ನೆರಡರೊಳಗಿನ ಮಕ್ಕಳನ್ನು ಬಿಡುವುದಿಲ್ಲ. ಅವ್ವನಿಗೆ ಹತ್ತಲಾಗುವುದಿಲ್ಲ. ಇಬ್ಬರನ್ನೂ ಕೆಳಗೆ ಬಿಟ್ಟು ನಾವು ಹತ್ತಿದೆವು. ಇಳಿದು ಬಂದಾಗ ಇಬ್ಬರ ಮಣಿಕಟ್ಟಿನಲ್ಲೂ ಕೆಂಪು ದಾರ. ತಲೆ ಬೋಳಿಸಿದ, ಬಿಳಿ ಬಟ್ಟೆಯ ಒಬ್ಬ ಮುದುಕಿ ಮಂತ್ರ ಹೇಳಿ ಕಟ್ಟಿದ್ದಳಂತೆ. ಅವ್ವ ಅವಳಿಗೆ ಚೀಲದಿಂದ ಒಂದು ರೊಟ್ಟಿ ತೆಗೆದು ಕೊಟ್ಟಿದ್ದಳು.

ಮೂರನೇ ದಿನ ಬಾಂತೇ ಸ್ರೆಯ್‌ಗೆ ಹೋದೆವು. ನಮ್ಮ ಗೈಡ್ ಇಪ್ಪತ್ತೈದು ದಾಟಿರದ ಹುಡುಗ, ಭತ್ತ ಬೆಳೆಯುವ ಮನೆಯವನು. ದಾರಿಯಲ್ಲಿ ತಾಳೆ ಬೆಲ್ಲ ಕುದಿಸುವ ಒಲೆಗಳ ಹತ್ತಿರ ನಿಲ್ಲಿಸಿದ. ನಮ್ಮ ಆಲೆಮನೆಯ ವಾಸನೆಯೇ. ಅಲ್ಲೇ ಅಕ್ಕಿ ಶಾವಿಗೆ ಒತ್ತುತ್ತಿದ್ದರು. ನೊಮ್ ಬಾನ್ ಚೊಕ್ ಅಂತಾರೆ. ಅವ್ವ ಎರಡು ಬಟ್ಟಲು ತಿಂದಳು. ಆ ಹುಡುಗ ಮಾತು ಮಾತಿಗೆ ಶಬ್ದ ಬಿಡಿಸಿ ಹೇಳುತ್ತಿದ್ದ. ಅಂಕೋರ್ ಅಂದರೆ ನಗರ. ಸ್ರೆಯ್ ಅಂದರೆ ಸ್ತ್ರೀ. ಬಾಂತೇ ಸ್ರೆಯ್, ಹೆಂಗಸರ ಕೋಟೆ.

967ರಲ್ಲಿ ಶಿವನಿಗಾಗಿ ಕಟ್ಟಿದ ಗುಡಿ ಅದು. ಕಟ್ಟಿಸಿದ್ದು ರಾಜನಲ್ಲ, ಯಜ್ಞವರಾಹ ಅನ್ನುವ ಪಂಡಿತ. ಕೆಂಪು ಮಿಶ್ರಿತ ಗುಲಾಬಿ ಕಲ್ಲು. ಗುಡಿ ಸಣ್ಣದು, ಎಲ್ಲವೂ ಕಣ್ಣಿನ ಮಟ್ಟದಲ್ಲೇ. ಅವ್ವನಿಗೆ ಕತ್ತೆತ್ತುವ ಕಷ್ಟವಿಲ್ಲ. ಸುಮ್ಮನೆ ನಡೆಯುತ್ತಿದ್ದವಳು ಪಡುವಣ ಬಾಗಿಲ ಕಡೆ ಗಕ್ಕನೆ ನಿಂತಳು. ಕಲ್ಲಿನಲ್ಲಿ ಎರಡು ಕೋತಿಗಳು ಕೈಗೆ ಕೈ ಬೆಸೆದು ಕಾದಾಡುತ್ತಿವೆ. ಪಕ್ಕದಲ್ಲಿ ಬಿಲ್ಲು ಹಿಡಿದವನೊಬ್ಬ.

"ವಾಲಿ," ಅಂದಳು ಅವ್ವ.

ಗೈಡ್ ಇನ್ನೂ ಬಾಯಿ ತೆರೆದಿರಲಿಲ್ಲ. ಅವರ ರಾಮಾಯಣದ ಹೆಸರು ರಾಮಕೇರ್. ಅದರಲ್ಲಿ ವಾಲಿ ಪಾಲಿ ಆಗುತ್ತಾನೆ, ಸುಗ್ರೀವ ಸುಕ್ರೀಪ್ ಆಗುತ್ತಾನೆ. "ನಿಮಗೆ ಹೇಗೆ ಗೊತ್ತು?" ಅಂದ. ಅವ್ವ ಮಗಳ ಕಡೆ ತಿರುಗಿ, "ಹೇಳವಾ ಇವಗ, ಇವ ನಮ್ಮೂರಾವ ಅಂತ," ಅಂದಳು.

ಮಗಳು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ಆನೆಗುಂದಿಯೇ ಕಿಷ್ಕಿಂಧೆ ಅಂತ ನಮ್ಮ ಜನ ನಂಬುತ್ತಾರೆ. ಅಲ್ಲಿ ವಾಲಿ ಕೋಟೆ ಇದೆ. ಹನುಮ ಹುಟ್ಟಿದ ಅಂಜನಾದ್ರಿ ಇದೆ, 575 ಮೆಟ್ಟಿಲು. ರಾಮ ಬಾಣ ಬಿಟ್ಟ ಜಾಗ ಚಿಂತಾಮಣಿ. ಹೊಳೆಯಾಚೆ ನಿಂಬಾಪುರದಲ್ಲಿ ವಾಲಿಯನ್ನು ಸುಟ್ಟ ಬೂದಿಯ ದಿಬ್ಬ ಇದೆ. ದನಗಾಹಿಗಳು ಸಾವಿರಾರು ವರ್ಷದ ಹಿಂದೆ ಸಗಣಿ ಸುಟ್ಟ ಬೂದಿ ಅದು ಅನ್ನುತ್ತಾರೆ ಪುರಾತತ್ವದವರು. ಇಂಥ ಬೂದಿ ದಿಬ್ಬಗಳು ಬಳ್ಳಾರಿ ಸೀಮೆಯಲ್ಲಿ ಇನ್ನೂ ಇವೆ. ಮಗಳು ಎರಡನ್ನೂ ಹೇಳಿದಳು, ಒಂದನ್ನೂ ಬಿಡಲಿಲ್ಲ. ನನಗೆ ಅದು ತುಂಬಾ ಹೆಮ್ಮೆ ಅನಿಸಿತು.

ಆ ಹುಡುಗ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಚಿಕ್ಕಂದಿನಿಂದ ಕೇಳಿದ ಕಥೆಯ ಊರು ನಿಜಕ್ಕೂ ಭೂಮಿ ಮೇಲಿದೆ, ಅಲ್ಲಿಂದ ಒಬ್ಬ ಅಜ್ಜಿ ಬಂದಿದ್ದಾಳೆ ಅನ್ನೋದು ಅವನಿಗೆ ನಂಬಲಾಗಲಿಲ್ಲ. ಆಮೇಲೆ ಅವನು ಕೇಳಿದ್ದು ದೇವರ ಬಗ್ಗೆ ಅಲ್ಲ. "ಕಿಷ್ಕಿಂಧೆಯಲ್ಲಿ ಏನು ಬೆಳೀತಾರೆ?"

"ಭತ್ತ," ಅಂದಳು ಅವ್ವ.

ಅಷ್ಟೇ. ಆಮೇಲೆ ಅರ್ಧ ಗಂಟೆ ಇಬ್ಬರದೂ ಭತ್ತದ ಮಾತು. ಅವರದು ಮಳೆ ನಂಬಿದ ಒಂದೇ ಬೆಳೆ. ನಮ್ಮದು ಕಾಲುವೆ ನೀರು ಬಿಟ್ಟರೆ ಎರಡು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿ ಹೋದಾಗ ಊರಿಗೆ ಊರೇ ನಿದ್ದೆ ಬಿಟ್ಟಿದ್ದನ್ನು ಅವ್ವ ಕೈ ಬೀಸಿ ಬೀಸಿ ಹೇಳಿದಳು. ಕೊನೆಗೆ ಅವನು ಕೇಳಿದ, "ನಿಮ್ಮಲ್ಲಿ ವಾಲಿಯನ್ನು ಕೆಟ್ಟವನು ಅಂತಾರಾ?"

ಅವ್ವ ಸ್ವಲ್ಪ ಹೊತ್ತು ಕಲ್ಲನ್ನೇ ನೋಡಿದಳು. "ಕೆಟ್ಟವ ಆಗಿದ್ರ ಕೋಟಿಗೆ ಅವನ ಹೆಸರು ಇಟ್ಕೊಂಡು ಕುಂದರ್ತಿದ್ವೇನು?"

ಆ ಗುಡಿಗಳ ದಾರಿಯಲ್ಲಿ ವಾದ್ಯ ನುಡಿಸುವವರ ಸಣ್ಣ ಗುಂಪುಗಳು ಕೂತಿರುತ್ತವೆ. ಕೃತಕ ಕಾಲುಗಳನ್ನು ಬಿಚ್ಚಿ ಪಕ್ಕಕ್ಕಿಟ್ಟಿರುತ್ತಾರೆ. ಯುದ್ಧದ ಕಾಲದಲ್ಲಿ ಹೂತಿಟ್ಟ ನೆಲಬಾಂಬ್ ತುಳಿದವರು. ಮಗ ಅವರನ್ನು ನೋಡಿ ಮಾತೇ ಬಿಟ್ಟ. ಮರುದಿನ ಅವನನ್ನು ನೆಲಬಾಂಬ್ ಹುಡುಕುವ ಇಲಿಗಳನ್ನು ತೋರಿಸುವ ಕೇಂದ್ರಕ್ಕೆ ಕರೆದೊಯ್ದೆವು. ಆಫ್ರಿಕಾದ ದೊಡ್ಡ ಇಲಿಗಳು. ಮೈ ಹಗುರ, ಬಾಂಬ್ ಸಿಡಿಯುವುದಿಲ್ಲ. ಮದ್ದಿನ ವಾಸನೆ ಹಿಡಿದು ನೆಲ ಕೆರೆಯುತ್ತವೆ. ಮಗಾವ ಅನ್ನುವ ಒಂದು ಇಲಿ 71 ನೆಲಬಾಂಬ್ ಹುಡುಕಿಕೊಟ್ಟಿದೆ. 2020ರಲ್ಲಿ ಅದಕ್ಕೆ ಬ್ರಿಟನ್ನಿನಲ್ಲಿ ಚಿನ್ನದ ಪದಕ ಕೊಟ್ಟರು. ಆ ದಿನ ರಾತ್ರಿ ಮಗ ಕೇಳಿದ ಪ್ರಶ್ನೆಗಳಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಕ್ಕಳನ್ನು ಚೆಂದದ ಜಾಗಗಳಿಗಷ್ಟೇ ಕರೆದೊಯ್ಯಬೇಕು ಅನ್ನುವವರ ಮಾತು ನಾನು ಒಪ್ಪಲ್ಲ. 1975ರಿಂದ 1979ರವರೆಗೆ ಖಮೇರ್ ರೂಜ್ ಆಡಳಿತದಲ್ಲಿ ಆ ದೇಶ ಅನುಭವಿಸಿದ ನರಮೇಧ ಗೊತ್ತಿಲ್ಲದೆ ಅದರ ಗುಡಿಗಳನ್ನು ಮಾತ್ರ ನೋಡಿ ಬರೋದು ಸರಿ ಅಲ್ಲ ಅನಿಸುತ್ತದೆ.

ಕೊನೆಯ ದಿನ ಟೊನ್ಲೆ ಸಾಪ್. ಆಗ್ನೇಯ ಏಷ್ಯಾದ ಅತಿ ದೊಡ್ಡ ಸಿಹಿನೀರಿನ ಸರೋವರ. ಅದರಿಂದ ಹೊರಟ ಹೊಳೆ ಮೆಕಾಂಗ್ ನದಿಗೆ ಸೇರುತ್ತದೆ. ಮಳೆಗಾಲದಲ್ಲಿ ಮೆಕಾಂಗ್ ಎಷ್ಟು ಉಬ್ಬುತ್ತದೆ ಅಂದರೆ ಈ ಹೊಳೆ ತಿರುಗಿ ಸರೋವರದ ಕಡೆಗೇ ಹರಿಯುತ್ತದೆ. ಬೇಸಿಗೆಯಲ್ಲಿ ಸುಮಾರು 2,500 ಚದರ ಕಿಲೋಮೀಟರ್ ಇರುವ ನೀರು ಮಳೆಗಾಲಕ್ಕೆ 15,000ದಷ್ಟು ಹರಡುತ್ತದೆ. ಕಾಡೇ ಮುಳುಗುತ್ತದೆ, ಮೀನು ಆ ಮರಗಳ ನಡುವೆ ಮರಿ ಮಾಡುತ್ತವೆ. ಮಳೆ ನಿಂತ ಮೇಲೆ ನೀರು ಇಳಿಯುತ್ತದೆ, ಮೀನು ಹೊರಬರುತ್ತವೆ. ಹೊಳೆ ಹಿಂದಕ್ಕೆ ಹರಿಯುತ್ತದೆ ಅಂದಾಗ ಅವ್ವ ನಂಬಲೇ ಇಲ್ಲ. "ಗೇಟ್ ಯಾರು ಎತ್ತತಾರ?" ಅಂದಳು. ಗೇಟ್ ಇಲ್ಲ ಅಂದೆವು. ಬಹಳ ಹೊತ್ತು ಅದನ್ನೇ ಯೋಚಿಸಿದಳು.

ಅಲ್ಲಿನ ಮನೆಗಳೆಲ್ಲ ಉದ್ದುದ್ದ ಕಂಬಗಳ ಮೇಲೆ. ನಾವು ಹೋದಾಗ ನೀರು ಇಳಿದಿತ್ತು. ತಲೆಯೆತ್ತಿ ನೋಡಬೇಕು ಅಷ್ಟು ಎತ್ತರದಲ್ಲಿ ಮನೆ. ದೋಣಿ ಓಣಿಯಂಥ ಕಾಲುವೆಯಲ್ಲಿ ಸಾಗುತ್ತಿತ್ತು. ಒಂದು ಮನೆಯ ಕೆಳಗೆ ಒಬ್ಬ ಹೆಂಗಸು ಸಣ್ಣ ಮೀನಿನ ರಾಶಿಯ ಮುಂದೆ ಕೂತು ತಲೆ ಕತ್ತರಿಸುತ್ತಿದ್ದಳು. ಮೈಯೆಲ್ಲ ಬೆವರು, ಕೂದಲು ಬಿಚ್ಚಿ ಮುಖದ ಮೇಲೆ ಬಿದ್ದಿತ್ತು. ಮಗ ಫೋನ್ ಎತ್ತಿದ. ಪಕ್ಕದ ದೋಣಿಯಲ್ಲಿ ಹತ್ತಾರು ಫೋನ್ ಆಗಲೇ ಮೇಲೆದ್ದಿದ್ದವು. ಆ ಹೆಂಗಸು ಮುಖವನ್ನು ಆ ಕಡೆ ತಿರುಗಿಸಿದಳು.

ಅವ್ವ ಮಗನ ಕೈ ಮೇಲೆ ಕೈಯಿಟ್ಟು ಫೋನನ್ನು ಕೆಳಗಿಳಿಸಿದಳು. ಬೈಯಲಿಲ್ಲ. "ಕೇಳಿದಿಯೇನು ಅಕೀನ?" ಅಂದಳು. ನನ್ನ ಎದೆ ಒಂದು ಕ್ಷಣ ಧಸಕ್ ಅಂತು. ತಪ್ಪು ಮಗನದಲ್ಲ. ಬೆಳಗ್ಗೆಯಿಂದ ನಾನೂ ಎಷ್ಟು ಸಲ ಹೀಗೆ ತೆಗೆದಿದ್ದೆ! ಆ ಬದುವಿನ ಮೇಲೆ ನಿಂತವರನ್ನು ಜನ್ಮವಿಡೀ ಬೈದುಕೊಂಡವಳು ನಾನು. ಈಗ ದೋಣಿಯಲ್ಲಿ ಅವರ ಜಾಗದಲ್ಲೇ ಕೂತಿದ್ದೆ.

ಅವ್ವ ಗೈಡ್‌ಗೆ ದೋಣಿ ನಿಲ್ಲಿಸಲು ಹೇಳಿದಳು. ಇಳಿದು ಆ ಹೆಂಗಸಿನ ಮುಂದೆ ಹೋಗಿ, ಕೈಯಲ್ಲೇ ಕೇಳಿದಳು, ಕೂರಲಾ ಅಂತ. ಆಕೆ ಮೊದಲು ನಮ್ಮನ್ನೆಲ್ಲ ನೋಡಿದಳು. ಆಮೇಲೆ ಒಂದು ಮಣೆ ಸರಿಸಿದಳು. ಇನ್ನೊಂದು ಚೂರಿ ಕೊಟ್ಟಳು. ಅವ್ವನಿಗೆ ತುಂಗಭದ್ರೆಯ ಮೀನು ಹೆಚ್ಚಿ ಅಭ್ಯಾಸ. ಎರಡು ನಿಮಿಷದಲ್ಲಿ ಕೈ ಕೂಡಿತು. ಆ ಮೀನನ್ನು ಉಪ್ಪಿನಲ್ಲಿ ಹಾಕಿ ಪ್ರಾಹೋಕ್ ಮಾಡುತ್ತಾರೆ, ವರ್ಷವಿಡೀ ಅಡುಗೆಗೆ ಬೇಕು, ನೀರಿಳಿಯುವ ಈ ತಿಂಗಳಲ್ಲೇ ಮಾಡಿಡಬೇಕು ಅಂತ ಗೈಡ್ ವಿವರಿಸಿದ. ಮಗಳೂ ಕೂತಳು. ನಾನೂ ಕೂತೆ. ಮಗ ಬುಟ್ಟಿ ತುಂಬಿ ತುಂಬಿ ಒಯ್ದು ಸುರಿದ. ನನ್ನ ಗಂಡ ಆ ಮನೆಯ ಮುದುಕರ ಜೊತೆ ಬಲೆ ಬಿಡಿಸುತ್ತಾ ನಿಂತರು. ಒಂದು ತಾಸು ಆಗಿರಬೇಕು. ಸರೋವರ ನೋಡಲು ಹೊತ್ತು ಉಳಿಯಲಿಲ್ಲ. ಹೊರಡುವಾಗ ಆಕೆ ಅವ್ವನ ಕೈ ಹಿಡಿದು ಮೂಸಿ ನೋಡಿ ನಕ್ಕಳು. ನಮ್ಮ ಕೈಯ ವಾಸನೆ ಬ್ಯಾಂಕಾಕ್ ದಾಟಿದರೂ ಹೋಗಲಿಲ್ಲ.

ಊರಿಗೆ ಬಂದೆವು. ಗದ್ದೆಗಳಲ್ಲಿ ನಾಟಿ ನಡೆದಿತ್ತು.

ಮಾರ್ಚ್ ತಿಂಗಳಲ್ಲಿ ಸಾಣಾಪುರದ ಹತ್ತಿರ ಆಗಿದ್ದನ್ನು ಬರೆಯದೆ ಇರಲು ನನ್ನಿಂದ ಆಗುವುದಿಲ್ಲ. ರಾತ್ರಿ ಕಾಲುವೆ ದಂಡೆಯಲ್ಲಿ ನಕ್ಷತ್ರ ನೋಡುತ್ತಾ ಕೂತಿದ್ದ ಪ್ರವಾಸಿಗರ ಮೇಲೆ, ಅವರ ಜೊತೆಗಿದ್ದ ಹೆಣ್ಣುಮಗಳ ಮೇಲೆ ದಾಳಿಯಾಯಿತು. ನೀರಿಗೆ ತಳ್ಳಿಸಿಕೊಂಡ ಪ್ರವಾಸಿಗರಲ್ಲಿ ಒಬ್ಬ ಯುವಕ ಬದುಕಲಿಲ್ಲ. ನಮ್ಮ ಹೊಲಗಳಿಗೆ ನೀರುಣಿಸುವ ಕಾಲುವೆ ಅದು. ಅವ್ವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಆ ಮೀನಿನಾಕಿ ನಮಗ ಮಣಿ ಕೊಟ್ಲು," ಅಂತ ಒಂದೇ ಮಾತು ಹೇಳುತ್ತಿದ್ದಳು. ಮಗಳು ಮುಂದೆ ಗೆಳತಿಯರ ಜೊತೆ ಸುತ್ತುವ ಆಸೆ ಇಟ್ಟುಕೊಂಡವಳು. ಹೋಗಬೇಡ ಅಂತ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಶಾಲೆಯಲ್ಲಿ ಗಂಡುಮಕ್ಕಳ ಜೊತೆ ಮಾತ್ರ ಒಂದು ಇಡೀ ತರಗತಿ ಈ ವಿಷಯ ಮಾತಾಡಿದೆ. ಬಂದವರು ನಮ್ಮ ಮನೆಗೆ ಬಂದವರು ಅಂತ.

ಜುಲೈನಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ಗಡಿಯಲ್ಲಿ ಐದು ದಿನ ಗುಂಡಿನ ಕಾಳಗ ನಡೆಯಿತು. ಅವ್ವ ಟಿವಿ ಮುಂದಿನಿಂದ ಏಳಲಿಲ್ಲ. "ಆ ಹುಡುಗ ಹೆಂಗದಾನ ಕೇಳ್ರಿ" ಅಂತ ಮೊಮ್ಮಗಳ ಬೆನ್ನು ಬಿದ್ದಳು. ಮಗಳು ವಾಟ್ಸಾಪ್ ಮಾಡಿದಳು. ಎರಡು ದಿನ ಉತ್ತರ ಇರಲಿಲ್ಲ. ಮೂರನೇ ದಿನ ಬಂತು. ನಾವು ಚೆನ್ನಾಗಿದ್ದೇವೆ, ಗಡಿ ಹಳ್ಳಿಗಳ ಜನ ಮನೆ ಬಿಟ್ಟು ನಮ್ಮ ಕಡೆ ಬಂದಿದ್ದಾರೆ, ಪ್ರವಾಸಿಗರು ಇಲ್ಲ, ಅದಕ್ಕೆ ನಾನು ಊರಲ್ಲಿ ಗದ್ದೆ ಕೆಲಸ ಮಾಡುತ್ತಿದ್ದೇನೆ ಅಂತ. ಜೊತೆಗೊಂದು ಫೋಟೋ, ಹಸಿರು ಗದ್ದೆ, ಮೊಣಕಾಲು ಕೆಸರು. ಕೆಳಗೆ ಒಂದು ಸಾಲು: ಅಜ್ಜಿಗೆ ಹೇಳಿ, ವಾಲಿಯ ಕೋಟೆಯ ಫೋಟೋ ಕಳಿಸಿ. ಅಜ್ಜಿಯೂ ಇರಲಿ ಅದರಲ್ಲಿ.

ಮುಂದಿನ ಭಾನುವಾರ ಎಲ್ಲರೂ ಆನೆಗುಂದಿಗೆ ಹೋದೆವು. ಹಿಂದೆ ಕೋಟೆಯ ಗೋಡೆ, ದೂರದಲ್ಲಿ ಭತ್ತದ ಹಸಿರು. ಮಗ ಫೋನ್ ತೆಗೆದ. ಎತ್ತಲಿಲ್ಲ. "ಅಜ್ಜಿ, ತೆಗೀಲೇನು?" ಅಂದ.

"ತಡಿ," ಅಂದಳು ಅವ್ವ. ಚೀಲದಲ್ಲಿ ಕೈಯಾಡಿಸಿ ಬಾಚಣಿಗೆ ಹುಡುಕಿದಳು.